ಆರನೇ ನಂಬರಿನ ಕಾಲು

ಚಪ್ಪಲಿ ಕಾರ್ಖಾನೆಯಲ್ಲಿ ಅವಳನ್ನು ಎಲ್ಲರೂ ಆರಕ್ಕ ಎಂದು ಕರೆಯುತ್ತಿದ್ದರು. ಮನೆಯಲ್ಲಿ ಐದು ಜನ ಅಕ್ಕಂದಿರು, ಇವಳು ಆರನೆಯವಳು ಇರಬೇಕು ಅಂತ ಹೊಸಬರು ಅಂದುಕೊಳ್ಳುವುದಿತ್ತು. ಹಾಗೇನಿಲ್ಲ, ಅವಳಿಗಿದ್ದದ್ದು ಒಬ್ಬನೇ ತಮ್ಮ. ಅವಳ ಕಾಲು ಆರನೇ ನಂಬರಿನದು, ಅದಕ್ಕೇ ಆ ಹೆಸರು. ಆರನೇ ನಂಬರಿನ ಕಾಲು ಊರು ತುಂಬ ಹೆಂಗಸರಿಗೆ ಇರುತ್ತದೆ, ಅದರಲ್ಲೇನು ಹೆಚ್ಚುಗಾರಿಕೆ ಎನ್ನಬಹುದು. ಆ ಕಾರ್ಖಾನೆಯ ಮಟ್ಟಿಗೆ ಮಾತ್ರ ಆರು ಅಂದರೆ ಅವಳ ಕಾಲು, ಅವಳ ಕಾಲು ಅಂದರೆ ಆರು.

ಅವಳು ಅಲ್ಲಿಗೆ ಸೇರಿದ್ದು ಹತ್ತೊಂಬತ್ತನೇ ವಯಸ್ಸಿಗೆ, ಅಟ್ಟೆಗೆ, ಅಂದರೆ ಶೂವಿನ ತಳಕ್ಕೆ, ಅಂಟು ಹಚ್ಚುವ ಕೆಲಸಕ್ಕೆ. ಸೇರಿ ಎರಡು ತಿಂಗಳಾಗಿತ್ತೇನೋ, ಒಂದು ಬೆಳಿಗ್ಗೆ ಅಚ್ಚಿನ ಮೇಷ್ಟ್ರು ಟೇಪು ಹಿಡಿದುಕೊಂಡು ಕೆಳಗಿನ ಅಂತಸ್ತಿಗೆ ಇಳಿದು ಬಂದರು. ಮೇಷ್ಟ್ರು ಅಂದರೆ ಪಾಠ ಹೇಳುವವರಲ್ಲ. ಪಾದದ ಆಕಾರಕ್ಕೆ ಮರದ ಅಚ್ಚು ಕೆತ್ತುವವರು. ಚರ್ಮವನ್ನು ಆ ಅಚ್ಚಿನ ಮೇಲೆ ಎಳೆದು ಕೂರಿಸಿ, ಅಲ್ಲಿಂದ ಮುಂದೆ ಶೂ ಆಗಬೇಕು. ಅಚ್ಚು ಸರಿಯಿಲ್ಲದಿದ್ದರೆ ಮೇಲೆ ಎಷ್ಟು ಚಂದ ಹೊಲಿದರೂ ದಂಡ. ಅವತ್ತು ಮೇಷ್ಟ್ರು ನಲವತ್ತು ಹೆಂಗಸರನ್ನು ಬೆಂಚಿನ ಮೇಲೆ ಸಾಲಾಗಿ ಕೂರಿಸಿ, ಒಬ್ಬೊಬ್ಬರ ಕಾಲನ್ನೂ ತಮ್ಮ ತೊಡೆಯ ಮೇಲಿಟ್ಟುಕೊಂಡು ಅಳೆದರು. ನಾಚಿಕೊಂಡವರು ನಾಚಿಕೊಂಡರು, ಕಚಗುಳಿ ತಡೆಯಲಾರದೆ ಕಿಸಕ್ಕೆಂದವರು ಕಿಸಕ್ಕೆಂದರು. ಇವಳ ಸರದಿ ಬಂದಾಗ ಒಮ್ಮೆ ಅಳೆದರು. ಕನ್ನಡಕ ಒರೆಸಿಕೊಂಡು ಮತ್ತೊಮ್ಮೆ ಅಳೆದರು.

“ಏನಮ್ಮಾ, ಈ ಕಾಲು ಎಲ್ಲಿಂದ ತಂದೆ?”

“ಅಮ್ಮ ಕೊಟ್ಟಿದ್ದು ಸಾರ್.”

“ನಿಮ್ಮಮ್ಮನಿಗೆ ನನ್ನ ನಮಸ್ಕಾರ ಹೇಳು. ನಮ್ಮ ಅಳತೆ ಪಟ್ಟಿಯಲ್ಲಿ ಆರಕ್ಕೆ ಬರೆದಿಟ್ಟ ಹಾಗೇ ಇದೆ. ಉದ್ದ, ಬೆರಳ ಬುಡದ ಸುತ್ತಳತೆ, ಮೇಲಿನ ಎತ್ತರ, ಒಂದು ಕೂದಲೆಳೆ ಆಚೀಚೆ ಇಲ್ಲ.”

ಅವತ್ತಿನಿಂದ ಅವಳ ಕೆಲಸ ಎರಡು ಭಾಗವಾಯಿತು. ಅರ್ಧ ದಿನ ಅಂಟು, ಅರ್ಧ ದಿನ ನಡಿಗೆ. ಹೊಸ ಮಾದರಿ ಯಾವುದು ತಯಾರಾದರೂ ಮೊದಲ ಜೊತೆ ಅವಳ ಕಾಲಿಗೇ. ಬೆಳಿಗ್ಗೆ ಹಾಕಿಕೊಂಡು ಚರ್ಮ ಕತ್ತರಿಸುವ ಕೋಣೆಯಿಂದ ಗೋದಾಮಿನವರೆಗೆ ನಾಲ್ಕು ಸಲ ಹೋಗಿ ಬರಬೇಕು. ಇಪ್ಪತ್ತೆರಡು ಮೆಟ್ಟಿಲು ಹತ್ತಿ ಇಳಿಯಬೇಕು. ಮಧ್ಯಾಹ್ನದ ಮೇಲೆ ಕಾಲು ಸ್ವಲ್ಪ ಊದಿಕೊಂಡಿರುತ್ತದಲ್ಲ, ಆವಾಗ ಅದೇ ಜೊತೆಯಲ್ಲಿ ಒಂದು ಗಂಟೆ ಅಂಟಿನ ಮೇಜಿನ ಮುಂದೆ ನಿಲ್ಲಬೇಕು. ಆಮೇಲೆ ನಾಲ್ಕು ದಿನ ಮನೆಗೆ. ಬಸ್ಸು ಹಿಡಿಯಲು ಓಡುವುದು, ತರಕಾರಿ ಅಂಗಡಿಯ ಮುಂದೆ ಕಾಯುವುದು, ಮಗುವನ್ನು ಎತ್ತಿಕೊಂಡು ಮಹಡಿ ಹತ್ತುವುದು, ಎಲ್ಲ ಅದರಲ್ಲೇ. ಐದನೇ ದಿನ ಮೇಷ್ಟ್ರ ಮುಂದೆ ಕೂತು ವರದಿ ಒಪ್ಪಿಸಬೇಕು.

ಆ ವರದಿಗೆ ಅವರಿಬ್ಬರದೇ ಒಂದು ಭಾಷೆ ಹುಟ್ಟಿಕೊಂಡಿತ್ತು. ‘ಕಚ್ಚುತ್ತೆ’ ಅಂದರೆ ಬೆರಳ ಬುಡದಲ್ಲಿ ಬಿಗಿ. ಮೇಷ್ಟ್ರು ಅಚ್ಚಿನ ಆ ಜಾಗಕ್ಕೆ ತೆಳ್ಳನೆಯ ಚರ್ಮದ ತುಣುಕು ಅಂಟಿಸಿ ದಪ್ಪ ಮಾಡುತ್ತಿದ್ದರು, ಮುಂದಿನ ಜೊತೆಯಲ್ಲಿ ಅಲ್ಲಿ ಜಾಗವಾಗುತ್ತಿತ್ತು. ‘ನುಂಗುತ್ತೆ’ ಅಂದರೆ ಸಡಿಲ, ಅಚ್ಚನ್ನು ಅರದಿಂದ ಉಜ್ಜಿ ಸಣ್ಣ ಮಾಡಬೇಕು. ‘ಜಗಿಯುತ್ತೆ’ ಅಂದರೆ ಹಿಮ್ಮಡಿ ಮೇಲೆ ಕೆಳಗೆ ಆಡಿ ತಿಕ್ಕುತ್ತದೆ. ‘ಮುನಿಸಿಕೊಂಡಿದೆ’ ಅಂದರೆ ಎಲ್ಲಿ ಏನು ಅಂತ ಹೇಳಲಾಗದು, ಆದರೆ ಸಂಜೆಗೆ ತೆಗೆದಿಟ್ಟರೆ ಸಾಕಪ್ಪ ಅನ್ನಿಸುತ್ತದೆ. ಇದು ಬಂತೆಂದರೆ ಮೇಷ್ಟ್ರು ಅಚ್ಚನ್ನೇ ಪಕ್ಕಕ್ಕೆಸೆದು ಹೊಸ ಮರದ ತುಂಡು ಕೈಗೆ ತೆಗೆದುಕೊಳ್ಳುತ್ತಿದ್ದರು.

ಅವಳ ಕಾಲಿಗೆ ಕಾರ್ಖಾನೆಯಲ್ಲಿ ರಾಜಮರ್ಯಾದೆ. ಭಾರದ ಪೆಟ್ಟಿಗೆ ಎತ್ತುವಂತಿಲ್ಲ, ಬರಿಗಾಲಲ್ಲಿ ಓಡಾಡುವಂತಿಲ್ಲ. ಬಸುರಿಯಾಗಿದ್ದಾಗ ಪಾದ ಊದಿಕೊಂಡಿತು. ಮೇಷ್ಟ್ರು ಟೇಪು ಸುತ್ತಿ ನೋಡಿ, “ಕಾಲು ಇಳಿಯೋ ತನಕ ಮಾದರಿ ಬೇಡ” ಎಂದು ಕಡ್ಡಿ ತುಂಡು ಮಾಡಿದಂತೆ ಹೇಳಿದರು. ಹೆರಿಗೆಯಾಗಿ ಐದು ತಿಂಗಳು ಅವಳಿಗಾಗಿ ಮೂರು ಮಾದರಿಗಳು ಕಾದವು. ಆರು ತಿಂಗಳಿಗೊಮ್ಮೆ ಅಳೆದು ಪುಸ್ತಕದಲ್ಲಿ ಬರೆದುಕೊಳ್ಳುವುದು ಅವರ ಪದ್ಧತಿ. ಗೋಡೆಗೆ ಬಣ್ಣ ಬಳಿಯುವ ಕೆಲಸದ ಅವಳ ಗಂಡ ಮನೆಗೆ ಬಂದವರಿಗೆಲ್ಲ, “ನಾನು ಕೈ ಮಾರಿ ಬದುಕ್ತೀನಿ, ಇವಳು ಕಾಲು ಮಾರಿ” ಎಂದು ನಗುತ್ತಿದ್ದ. ಅವನ ಕೆಲಸ ಒಂದು ತಿಂಗಳು ಇದ್ದರೆ ಎರಡು ತಿಂಗಳು ಇಲ್ಲ. ಹಾಗಾಗಿ ಒಲೆ ಉರಿಯುತ್ತಿದ್ದದ್ದು ಕಾಲಿನಿಂದಲೇ ಅನ್ನುವುದು ನಗುವವರಿಗೂ ಗೊತ್ತಿತ್ತು.

ಹಾಗೆ ಇಪ್ಪತ್ತು ವರ್ಷ ಕಳೆಯಿತು. ದೊಡ್ಡ ಯಜಮಾನರು ತೀರಿಕೊಂಡರು, ಮಗ ಕುರ್ಚಿಗೆ ಬಂದರು. ಕೆಟ್ಟ ಮನುಷ್ಯರಲ್ಲ. ಆದರೆ ಅಪ್ಪನಿಗೆ ಚರ್ಮ ಮೂಸಿ ನೋಡುವ ಚಟವಿದ್ದರೆ ಮಗನಿಗೆ ಫೋನು ನೋಡುವ ಚಟ. ಒಂದು ದಿನ ಎಲ್ಲಿಂದಲೋ ಒಂದು ಚಪ್ಪಲಿ ತಂದು ಮೇಜಿನ ಮೇಲಿಟ್ಟರು. ಹೊಲಿಗೆಯಿಲ್ಲ, ಚರ್ಮವಿಲ್ಲ. ಉಬ್ಬಿದ ಮೆತ್ತನೆಯ ಸ್ಪಂಜಿನ ಒಂದೇ ಮುದ್ದೆ, ಮೇಲೊಂದು ತೂತು, ಅದರಲ್ಲಿ ಕಾಲು. ಹೊಲಿಗೆಯ ಹೆಂಗಸರು ನೋಡಿ, “ಇದೇನು ಚಪ್ಪಲಿಯೋ ತಲೆದಿಂಬೋ?” ಎಂದು ಬಿದ್ದು ಬಿದ್ದು ನಕ್ಕರು. ಯಜಮಾನರಿಗೆ ಆ ಮಾತೇ ಹಿಡಿಸಿ ಅದಕ್ಕೆ ‘ದಿಂಬು’ ಎಂದೇ ಹೆಸರಿಟ್ಟರು.

ನಕ್ಕವರ ಬಾಯಿ ಬೇಗ ಮುಚ್ಚಿತು. ಯಾರೋ ಒಬ್ಬ ಹುಡುಗಿ ಹಳದಿ ದಿಂಬು ಹಾಕಿಕೊಂಡು ಕುಣಿದದ್ದು ಫೋನಿಂದ ಫೋನಿಗೆ ಹಾರಿತು. ಒಂದು ತಿಂಗಳೊಳಗೆ ಗೇಟಿನ ಮುಂದೆ ಲಾರಿಗಳ ಸಾಲು. ಕರಗಿಸಿದ ಮಾಲನ್ನು ಲೋಹದ ಅಚ್ಚಿಗೆ ಸುರಿಯುವ ಯಂತ್ರ ಬಂತು, ಆಮೇಲೆ ಅಂಥವೇ ಇನ್ನೂ ನಾಲ್ಕು. ನಂಬರುಗಳೇ ಇಲ್ಲ, ಸಣ್ಣದು, ನಡುವಿನದು, ದೊಡ್ಡದು, ಮುಗಿಯಿತು. ಯಾರ ಕಾಲಿಗೆ ಹಾಕಿ ನೋಡುವುದೂ ಬೇಕಿಲ್ಲ. ಗೇಟಿನ ಮೇಲಿದ್ದ ದೊಡ್ಡ ಯಜಮಾನರ ಕಾಲದ ಹೆಸರು ಇಳಿಯಿತು, ‘ದಿಂಬು’ ಅನ್ನುವ ಎರಡಕ್ಷರ ಏರಿತು. ಹೊಲಿಗೆ ಯಂತ್ರಗಳು ಗೋಡೆ ಕಡೆ ಮುಖ ಮಾಡಿ ನಿಂತವು. ಮೇಷ್ಟ್ರ ಮರದ ಅಚ್ಚುಗಳನ್ನು ಚೀಲಕ್ಕೆ ತುಂಬಿ ಅಟ್ಟಕ್ಕೆ ಹಾಕಿದರು. ಅಟ್ಟ ಬೇಕಾದಾಗ ಚೀಲಗಳನ್ನು ಸೌದೆಯ ಗಾಡಿಯವನು ಹೊತ್ತುಕೊಂಡು ಹೋದ. ಆ ವಾರವೇ ಮೇಷ್ಟ್ರು ಲೆಕ್ಕ ಚುಕ್ತಾ ಮಾಡಿಕೊಂಡು, ತಮ್ಮ ಬೀದಿಯಲ್ಲಿ ಒಂದು ಸಣ್ಣ ಕೋಣೆ ಹಿಡಿದು ಹಳೆ ಶೂಗಳಿಗೆ ಅಟ್ಟೆ ಹಾಕಿಕೊಂಡು ಕೂತರು.

ಆರಕ್ಕ ಪ್ಯಾಕಿಂಗಿಗೆ ಹೋದಳು. ಎಡದ್ದೊಂದು ಬಲದ್ದೊಂದು ಎತ್ತಿ ಡಬ್ಬಿಗೆ ಹಾಕಿ ಮುಚ್ಚುವುದು. ಎಲ್ಲ ಕೆಲಸಗಾರರಿಗೂ ವರ್ಷಕ್ಕೆ ಎರಡು ಜೊತೆ ದಿಂಬು ಪುಕ್ಕಟೆ. ದಿನವಿಡೀ ನಿಲ್ಲುವ ಕೆಲಸಕ್ಕೆ ಅದು ಹಾಯೆನಿಸಿತು. ಕಚ್ಚುವುದಿಲ್ಲ, ಜಗಿಯುವುದಿಲ್ಲ, ಕಾಲು ಇದೆಯೋ ಇಲ್ಲವೋ ಅನ್ನುವುದೇ ಮರೆತುಹೋಗುತ್ತದೆ. ಐದು ವರ್ಷ ಅವಳು ಬೇರೆ ಏನನ್ನೂ ಮೆಟ್ಟಲಿಲ್ಲ.

ಏರಿದ್ದು ಹೇಗೆ ಅಂತ ಎಲ್ಲರೂ ನೋಡಿದರು. ಇಳಿಯಲು ಶುರುವಾದದ್ದನ್ನು ಆರಕ್ಕ ತನ್ನ ಮನೆಯ ಬಾಗಿಲಲ್ಲೇ ನೋಡಿದಳು. ಮೊದಲ ವರ್ಷ ಮಗಳು ದಿಂಬಿಗಾಗಿ ಅತ್ತು ಕರೆದು, ಗುಲಾಬಿ ಬಣ್ಣದ್ದನ್ನು ಶಾಲೆಗೆಲ್ಲ ಹಾಕಿಕೊಂಡು ಹೋಗಿ ಬೈಸಿಕೊಂಡಿದ್ದಳು. ಆಮೇಲೆ ಪಕ್ಕದ ಮನೆಯ ಸಣ್ಣ ಮಕ್ಕಳು ಹಾಕಿದರು. ಆಮೇಲೆ ಅವರ ತಾಯಂದಿರು. ಮೂರನೇ ವರ್ಷ ಅತ್ತೆ, ಮಂಡಿನೋವಿನವರು, ಮೂಲೆಯಲ್ಲಿದ್ದ ಒಂದು ಜೊತೆ ಹಾಕಿಕೊಂಡು ಅಂಗಳದಲ್ಲಿ ನಾಲ್ಕು ಹೆಜ್ಜೆ ಹಾಕಿ ನೋಡಿದರು.

“ಏ, ಇದು ಸ್ವರ್ಗ ಕಣೇ! ನನಗೆ ಯಾಕೆ ಇಷ್ಟು ದಿನ ಕೊಡಲಿಲ್ಲ?”

ಮಗಳು ಅಜ್ಜಿಯ ಕಾಲು ನೋಡಿದಳು, ತನ್ನ ಕಾಲು ನೋಡಿಕೊಂಡಳು. ತನ್ನ ಗುಲಾಬಿ ಜೊತೆಯನ್ನು ಬಾಗಿಲ ಹಿಂದೆ ಸರಿಸಿ, ಬೇರೆ ಏನನ್ನೋ ಮೆಟ್ಟಿಕೊಂಡು ಹೋದಳು. ಅದು ಬಾಗಿಲ ಹಿಂದೆಯೇ ಉಳಿಯಿತು. ಹರಿಯಲಿಲ್ಲ, ಸವೆಯಲೂ ಇಲ್ಲ. ಸ್ಪಂಜು ಗಟ್ಟಿ ಮಾಲು. ಒಂದು ಜೊತೆ ಕೊಂಡವರಿಗೆ ಇನ್ನೊಂದು ಬೇಕಾಗುವುದು ಯಾವಾಗ?

ಅಂಗಡಿ ಅಂಗಡಿ ತಿರುಗಿ ಮಾಲು ಹಾಕುವ ಮಾರಾಟದಣ್ಣ ಪ್ಯಾಕಿಂಗ್ ಮೇಜಿನ ಹತ್ತಿರ ಕೂತು ಬೆವರೊರೆಸಿಕೊಳ್ಳುತ್ತ ಇದನ್ನೇ ಬೇರೆ ಥರ ಹೇಳಿದ. “ಅಂಗಡಿಯವರ ಶೆಲ್ಫಿನ ತುಂಬ ನಮ್ಮ ಮಾಲೇ ಆರಕ್ಕ. ಇಲ್ಲಿಂದ ಲಾರಿ ಹೊರಟ ತಕ್ಷಣ ಯಜಮಾನರು ಮಾರಾಟ ಆಯ್ತು ಅಂತಾರೆ. ಅಲ್ಲಿ ಅದು ಧೂಳು ಹೊದ್ದು ಮಲಗಿದೆ. ಫುಟ್‌ಪಾತಿನಲ್ಲಿ ಬೇರೆ ಇದೇ ಥರದ್ದು ಗುಡ್ಡೆ ಹಾಕ್ಕೊಂಡು ಕೂತವ್ರೆ, ಅರ್ಧ ರೇಟು.”

“ನಮ್ಮದು ಒರಿಜಿನಲ್ಲು ಅಂತ ಹೇಳಬೇಕಪ್ಪ.”

“ಹೇಳಿದೆ. ‘ದಿಂಬಿಗೆ ಒರಿಜಿನಲ್ಲೇನು ಬಂತು’ ಅಂದ್ರು. ಅವರದೂ ತಪ್ಪಿಲ್ಲ. ಜನ ದಿಂಬು ಕೇಳ್ಕೊಂಡು ಬಂದರು ಆರಕ್ಕ. ನಮ್ಮನ್ನ ಕೇಳ್ಕೊಂಡು ಯಾರು ಬಂದಿದ್ದರು? ಬೋರ್ಡ್ ಮೇಲೂ ದಿಂಬೇ, ಡಬ್ಬಿ ಮೇಲೂ ದಿಂಬೇ. ಈಗ ದಿಂಬು ಸಾಕು ಅಂದ್ರೆ ನಾವೂ ಸಾಕು ಅಂತ ಅರ್ಥ.”

ಯಜಮಾನರು ಕೈಕಟ್ಟಿ ಕೂರಲಿಲ್ಲ. ದಿಂಬಿಗೆ ಹೂವು ಅಂಟಿಸಿದರು. ದಿಂಬಿಗೆ ಮೊಲದ ಕಿವಿ ಬಂತು. ಹೆಜ್ಜೆ ಇಟ್ಟರೆ ಮಿಣಮಿಣ ಎನ್ನುವ ದೀಪ ಬಂತು. ಪ್ರತಿ ಸಲವೂ ಮೊದಲ ವಾರ ಒಂದಿಷ್ಟು ಲಾರಿ ಬಂದು, ಆಮೇಲೆ ಬಂದದ್ದರಲ್ಲಿ ಅರ್ಧ ವಾಪಸು. ಯಂತ್ರಗಳಿಗೆ ಬೇರೆ ಕೆಲಸ ಬರುತ್ತಿರಲಿಲ್ಲ. ಅವು ದಿಂಬು ಹೆರಲೆಂದೇ ಹುಟ್ಟಿದವು. ಬೇರೆ ಕೆಲಸ ಬರುತ್ತಿದ್ದ ಕೈಗಳು ಎಲ್ಲೆಲ್ಲೋ ಹೋಗಿದ್ದವು. ಐದನೇ ವರ್ಷದ ಕೊನೆಗೆ ನೂರೈವತ್ತು ಜನರಲ್ಲಿ ಉಳಿದವರು ಇಪ್ಪತ್ತಾರು.

ಆಗ ಯಜಮಾನರು ಅಪ್ಪನ ದಾರಿಗೇ ಹೊರಳಿದರು. ಕೆಲಸಕ್ಕೆ ಹೋಗುವ ಹೆಂಗಸರು ದಿನಾ ಹಾಕುವಂಥ, ಮುಂದೆ ಮುಚ್ಚಿದ, ಸಾದಾ ಕಪ್ಪು ಚರ್ಮದ ಶೂ. ಹತ್ತೂರಲ್ಲಿ ಮಳಿಗೆ ಇಟ್ಟಿದ್ದ ಒಬ್ಬ ದೊಡ್ಡ ವ್ಯಾಪಾರಿ, “ತಂದು ತೋರಿಸಿ, ಕಾಲಿಗೆ ಕೂತರೆ ತಗೋತೀವಿ” ಅಂದಿದ್ದ. ಯಜಮಾನರು ತಾವೇ ಹೋಗಿ ಮೇಷ್ಟ್ರನ್ನು ಕರೆತಂದರು. ಮೇಷ್ಟ್ರ ಕಣ್ಣು ಮಬ್ಬಾಗಿತ್ತು, ಕೈ ಮಾತ್ರ ಹಾಗೇ ಇತ್ತು. ಬಂದವರು ಮೊದಲು ಕೇಳಿದ್ದು, “ಆರಕ್ಕ ಇದ್ದಾಳಾ?”

ಪ್ಯಾಕಿಂಗಿನ ನಾಲ್ವರಿಗೂ ಆ ತಿಂಗಳೇ ಕೊನೆ ಎಂದು ಹೇಳಿಯಾಗಿತ್ತು. ಅವಳೊಬ್ಬಳು ಉಳಿದಳು, ಕಾಲಿನ ದೆಸೆಯಿಂದ. ಹೊಟ್ಟೆಗೆ ಹಾಲು ಹೊಯ್ದಂತಾಯಿತು. ಗಂಡನ ಬ್ರಷ್ಷು ಒಣಗಿ ಎರಡು ತಿಂಗಳಾಗಿತ್ತು, ಮಗಳ ಓದು ಇನ್ನೂ ಒಂದು ವರ್ಷವಿತ್ತು.

ಆ ಸಂಜೆ ಮನೆಗೆ ಬಂದು, ಟ್ರಂಕಿನ ತಳದಲ್ಲಿದ್ದ ಹಳೇ ಆರನೇ ನಂಬರಿನ ಶೂ ತೆಗೆದು ಹಾಕಲು ನೋಡಿದಳು. ಕಾಲು ಹೋಗಲಿಲ್ಲ. ಬೆರಳ ಬುಡಕ್ಕೇ ನಿಂತುಬಿಟ್ಟಿತು. ಶೂ ಒಣಗಿ ಸುಕ್ಕಿರಬೇಕು ಅಂದುಕೊಂಡಳು. ಅಂದುಕೊಂಡಳೇ ಹೊರತು, ನಂಬಿಕೆ ಬರಲಿಲ್ಲ. ಕಾಲನ್ನು ಬಿಸಿನೀರಲ್ಲಿ ಇಟ್ಟಳು, ತಣ್ಣೀರಲ್ಲಿ ಇಟ್ಟಳು. ಬಟ್ಟೆಪಟ್ಟಿ ಸುತ್ತಿ ಬಿಗಿಯಾಗಿ ಕಟ್ಟಿಕೊಂಡು ಅಡುಗೆ ಮಾಡಿದಳು.

ಅತ್ತೆ ಮಂಚದ ಮೇಲಿಂದ ನೋಡುತ್ತಲೇ ಇದ್ದರು. “ಏನಾಯ್ತೇ ಕಾಲಿಗೆ?”

“ಏನಿಲ್ಲ ಅತ್ತೆ, ಸ್ವಲ್ಪ ಅಗಲ ಆಗಿದೆ.”

“ಅಗಲ ಆಗದೆ ಇನ್ನೇನು? ಐದು ವರ್ಷ ಆ ದಿಂಬಿನ ಮೇಲೆ ಮಲಗಿಸಿಟ್ಟಿದ್ದೆ. ಮಲಗಿದವರು ಯಾರು ದಪ್ಪ ಆಗಲ್ಲ ಹೇಳು.”

ಮರುದಿನ ಮೇಷ್ಟ್ರು ಅವಳ ಕಾಲಿಗೆ ಟೇಪು ಹಿಡಿದಿದ್ದರೆ ಈ ಕತೆ ಅಲ್ಲಿಗೇ ಮುಗಿಯುತ್ತಿತ್ತು. ಅವರು ಹಿಡಿಯಲಿಲ್ಲ. ಹಳೇ ಪುಸ್ತಕ ತೆಗೆದು, ಮೊಮ್ಮಗಳಿಂದ ಓದಿಸಿ ಬಾಯಿಪಾಠ ಮಾಡಿಕೊಂಡು ಬಂದಿದ್ದ ಅಳತೆಗೆ ಅಚ್ಚು ಕೆತ್ತಿಬಿಟ್ಟಿದ್ದರು. ಅದರ ಮೇಲೆ ಮಾದರಿ ತಯಾರಾಯಿತು, ಅವಳು ಉಸಿರು ಬಿಗಿಹಿಡಿದು ಹಾಕಿದಳು, ಗೋದಾಮಿನವರೆಗೆ ನಡೆದಳು.

“ಹೇಗಿದೆ?” ಮೇಷ್ಟ್ರು ಕೇಳಿದರು.

ಚೆನ್ನಾಗಿದೆ ಅಂತ ಹೇಳಬೇಕೆಂದು ಬಸ್ಸಿನಲ್ಲಿ ಬರುವಾಗಲೇ ನಿಶ್ಚಯ ಮಾಡಿಕೊಂಡಿದ್ದಳು. ಆದರೆ ಇಪ್ಪತ್ತು ವರ್ಷ ಆ ಕುರ್ಚಿಯ ಮುಂದೆ ಕೂತು ಕಾಲು ಹೇಳಿದ್ದನ್ನೇ ಹೇಳಿ ಅಭ್ಯಾಸವಾದ ನಾಲಿಗೆ ಬೇರೆಯದಕ್ಕೆ ಹೊರಳಲಿಲ್ಲ.

“ಕಚ್ಚುತ್ತೆ ಮೇಷ್ಟ್ರೇ.”

“ಕಚ್ಚುತ್ತಾ?” ಅವರು ಅಚ್ಚನ್ನು ಅಂಗೈಯಲ್ಲಿ ತಿರುಗಿಸಿದರು. ಇರಬಹುದು, ಕೈ ತಪ್ಪಿತ್ತೇನೋ, ವಯಸ್ಸಾಯಿತು ಎಂದು ಗೊಣಗಿಕೊಂಡು ಒಂದು ಚರ್ಮದ ತುಣುಕು ಅಂಟಿಸಿದರು. ಎರಡನೇ ಜೊತೆ. ಇನ್ನೂ ಕಚ್ಚಿತು. ಇನ್ನೊಂದು ತುಣುಕು. ಮೂರನೇ ಜೊತೆ ಹಾಕಿದಾಗ ಬೆರಳುಗಳು ಆರಾಮಾಗಿ ಮೈ ಚಾಚಿದವು. ಅವಳು ಇಪ್ಪತ್ತೆರಡು ಮೆಟ್ಟಿಲು ಹತ್ತಿಳಿದು ಬಂದು, “ಈಗ ಸರಿ” ಅಂದಳು. ಸುಳ್ಳು ಒಂದೂ ಹೇಳಿರಲಿಲ್ಲ. ಕಾಲು ಬದಲಾದದ್ದನ್ನು ಮಾತ್ರ ಹೇಳಿರಲಿಲ್ಲ.

ಯಜಮಾನರು ಖುಷಿಯಲ್ಲಿ ಹಿಗ್ಗಿಹೋದರು. “ಆರಕ್ಕ ಸರಿ ಅಂದಮೇಲೆ ಮುಗೀತು.” ಆ ಅಚ್ಚನ್ನು ಹೊರಗಿನ ಕಾರ್ಖಾನೆಗೆ ಕಳಿಸಿ, ಅದನ್ನೇ ಅಳತೆಗೋಲಾಗಿಟ್ಟುಕೊಂಡು ಮೂರರಿಂದ ಒಂಬತ್ತರವರೆಗೆ ಎಲ್ಲ ನಂಬರಿಗೂ ಪ್ಲಾಸ್ಟಿಕ್ ಅಚ್ಚು ಎರಕ ಹೊಯ್ಯಿಸಬೇಕು. ಆರು ತಪ್ಪಿದರೆ ಮೂರೂ ತಪ್ಪು, ಒಂಬತ್ತೂ ತಪ್ಪು. ಸೋಮವಾರ ಗಾಡಿ ಬರುತ್ತದೆ, ಮುಂದಿನ ಸೋಮವಾರ ದೊಡ್ಡ ವ್ಯಾಪಾರಿಗೆ ತೋರಿಸುವುದು.

ಮೂರನೇ ಜೊತೆ ಪದ್ಧತಿಯಂತೆ ಮನೆಗೆ ಬಂತು. ಶನಿವಾರ ಬೆಳಿಗ್ಗೆ ಮಗಳು ಕಾಲೇಜಿಗೆ ಹೊರಡುವ ಗಡಿಬಿಡಿಯಲ್ಲಿ, “ಅಮ್ಮಾ, ನನ್ನದರ ಪಟ್ಟಿ ಕಿತ್ತೋಯ್ತು, ಇದು ಹಾಕ್ಕೊಂಡು ಹೋಗ್ತೀನಿ, ನನ್ನದೂ ಆರೇ ತಾನೇ” ಎಂದು ಕಾಲು ತೂರಿಸಿಕೊಂಡು ಹೊರಟೇಬಿಟ್ಟಳು. ಗೇಟಿನ ತನಕ ಹೋದವಳು ಒಂಟಿಗಾಲಲ್ಲಿ ಕುಂಟುತ್ತ ವಾಪಸು ಬಂದಳು. ಒಂದು ಶೂ ದಾರಿಯಲ್ಲೇ ನಿಂತಿತ್ತು.

“ಇದೆಂಥಾ ಆರಮ್ಮಾ? ನನ್ನ ಕಾಲು ಒಳಗೆ ಕಳೆದೇ ಹೋಯ್ತು!”

“ಕಾಲಲ್ಲಿ ಸರಿಯಾಗಿ ಹಿಡಕೋಬೇಕು...”

“ಶೂನ ನಾನು ಹಿಡಕೋಬೇಕಾ? ಅದು ತಾನೇ ನನ್ನ ಹಿಡಕೋಬೇಕು?”

ಮಗಳು ದುಡುಕಿ ಆಡಿದ ಮಾತು. ಆರಕ್ಕ ಅದನ್ನು ಭಾನುವಾರ ಪೂರ್ತಿ ನುಂಗಲೂ ಆಗದೆ ಉಗುಳಲೂ ಆಗದೆ ಇಟ್ಟುಕೊಂಡಳು. ಹೇಳಿದರೆ ಕೆಲಸ ಹೋಗುತ್ತದೆ, ಕಾಲಿಲ್ಲದ ಆರಕ್ಕನನ್ನು ಇಟ್ಟುಕೊಂಡು ಯಾರೇನು ಮಾಡುತ್ತಾರೆ. ಹೇಳದಿದ್ದರೆ ತನ್ನ ಕೆಲಸ ಉಳಿಯುತ್ತದೆ, ಎಷ್ಟು ದಿನ? ಊರಿನ ಹೆಂಗಸರೆಲ್ಲ ಗೇಟಿನ ತನಕ ಹೋಗಿ ವಾಪಸು ಬರುವ ತನಕ.

ಸೋಮವಾರ ಗಾಡಿ ಬರುವ ಮೊದಲೇ ಮೇಷ್ಟ್ರ ಕೋಣೆಗೆ ಹೋಗಿ, ಬೆಂಚಿನ ಮೇಲೆ ಕೂತು ಕಾಲು ಮುಂದಿಟ್ಟಳು.

“ಟೇಪು ಹಿಡೀರಿ ಮೇಷ್ಟ್ರೇ.”

“ಯಾಕಮ್ಮಾ? ನಿನ್ನ ಅಳತೆ ನನಗೆ ನಿದ್ದೆಯಲ್ಲೂ ಗೊತ್ತು.”

“ನಿದ್ದೆ ಮಾಡಿದ್ದು ಸಾಕು. ಹಿಡೀರಿ.”

ಅವರು ಹಿಡಿದರು. ಟೇಪನ್ನು ಕಣ್ಣಿಗೆ ತಾಗುವಷ್ಟು ಹತ್ತಿರ ತಂದು ನೋಡಿದರು. ಇನ್ನೊಂದು ಕಾಲಿಗೂ ಹಿಡಿದರು. ಟೇಪನ್ನು ಬೆರಳಿಗೆ ಸುತ್ತಿಕೊಂಡರು.

“ಏಳಕ್ಕೂ ಮೀರಿದೆ,” ಅಂದರು. “ಎರಡನೇ ತುಣುಕು ಅಂಟಿಸೋವಾಗಲೇ ನನ್ನ ಕೈ ಹೇಳ್ತು, ಇದು ಆರಲ್ಲ ಅಂತ. ಕೈಯನ್ನ ನಂಬಲಿಲ್ಲ, ನಿನ್ನ ಮಾತು ನಂಬಿದೆ. ಹೋಗ್ಲಿ, ಯಜಮಾನರಿಗೆ ನಾನು ಹೇಳ್ತೀನಿ, ಅಳೀದೇ ಇದ್ದಿದ್ದು ನನ್ನ ತಪ್ಪು.”

“ಬೇಡಿ. ಕಾಲು ನನ್ನದು, ನಾನೇ ಹೇಳ್ತೀನಿ.”

ಯಜಮಾನರು ಮೊದಲು ನಕ್ಕರು, ಆಮೇಲೆ ಕೂಗಾಡಿದರು, ಆಮೇಲೆ ಅವರ ಮುಖದಲ್ಲಿ ಒಂದು ಬೆಳಕು ಮೂಡಿತು. ದಿಂಬು ತಂದ ದಿನವೂ ಅದೇ ಬೆಳಕು ಇತ್ತು.

“ತಡೀರಿ, ತಡೀರಿ. ದಿಂಬು ಹಾಕಿದವರೆಲ್ಲರ ಕಾಲೂ ಹೀಗೇ ಆಗಿರುತ್ತಲ್ವಾ? ಲಕ್ಷಗಟ್ಟಲೆ ಜನ! ಹಾಗಿದ್ರೆ ಇದೇ ಹೊಸ ಆರು ಅಂತ ಜಾಹೀರಾತು ಮಾಡೋಣ. ದಿಂಬಿನ ಕಾಲಿಗೆ ದಿಂಬಿನ ಶೂ!”

ಮೇಷ್ಟ್ರು ತಲೆ ಬಗ್ಗಿಸಿದರು. ಆರಕ್ಕ ಮೂರನೇ ಜೊತೆಯನ್ನು ಯಜಮಾನರ ಮೇಜಿನ ಮೇಲಿಟ್ಟಳು. “ಸಾರ್, ಇಲ್ಲೇ ಆರನೇ ನಂಬರಿನ ಹೆಂಗಸರು ಒಂಬತ್ತು ಜನ ಇದ್ದಾರೆ. ಎಲ್ಲರೂ ನಮ್ಮ ಪುಕ್ಕಟೆ ದಿಂಬು ಹಾಕಿದವರೇ. ಹಾಕಿ ನೋಡಿಬಿಡಲಿ.”

ಒಬ್ಬೊಬ್ಬರೇ ಬಂದು ಹಾಕಿದರು, ನಡೆದರು. ಇಬ್ಬರಿಗೆ ಕೂತಿತು. ಏಳು ಜನ ದೋಣಿಯಲ್ಲಿ ಕೂತವರಂತೆ ತೇಲಾಡಿದರು. ಅವರಲ್ಲೊಬ್ಬಳು, “ನನ್ನ ಗಂಡನ್ನೂ ಕರ್ಕೊಂಡು ಬರ್ತೀನಿ, ಇಬ್ಬರೂ ಒಂದರಲ್ಲೇ ಹೋಗಬಹುದು” ಅಂದಳು. ಎಲ್ಲರೂ ನಕ್ಕರು. ಯಜಮಾನರಿಗೂ ನಗು ತಡೆಯಲಾಗಲಿಲ್ಲ, ನಕ್ಕು ಮುಖ ಒರೆಸಿಕೊಂಡರು. ಅವರೆದುರೇ ಫೋನು ಎತ್ತಿ ಎರಡು ವಾರ ಸಮಯ ಕೇಳಿದರು. ಆ ಕಡೆಯ ದೊಡ್ಡ ವ್ಯಾಪಾರಿ, ಈ ಸಲದ ಖರೀದಿ ಮುಗಿದುಹೋಗುತ್ತದೆ, ಇನ್ನಾರು ತಿಂಗಳಿಗೆ ನೋಡೋಣ ಅಂದ. ಯಜಮಾನರು ಫೋನು ಇಟ್ಟರು.

“ಗಾಡಿಯವನನ್ನ ವಾಪಸು ಕಳಿಸಿ,” ಎಂದರು. ಆಮೇಲೆ ಇವಳ ಕಡೆ ತಿರುಗಿ, “ಆರಕ್ಕ, ನಿಮ್ಮನ್ನ ಉಳಿಸಿಕೊಂಡಿದ್ದು...”

“ಕಾಲಿಗೆ. ಗೊತ್ತು ಸಾರ್.”

ಮನೆಯಲ್ಲಿ ಗಂಡ ಹೊರಗೆ ಹೋಗಿ ಬ್ರಷ್ಷುಗಳನ್ನು ಸೀಮೆಎಣ್ಣೆಯಲ್ಲಿ ನೆನೆಹಾಕಿದ. ಅತ್ತೆ ಸುಮ್ಮನಿರುವವರಲ್ಲ.

“ಹೇಳದೆ ಇದ್ದಿದ್ರೆ ಯಾರಿಗೆ ಗೊತ್ತಾಗ್ತಿತ್ತು?”

“ಹಾಕ್ಕೊಂಡೋರಿಗೆ ಅತ್ತೆ.”

ಅತ್ತೆ ಸ್ವಲ್ಪ ಯೋಚಿಸಿ, “ಅದೂ ನಿಜ” ಅಂದು ಆ ಕಡೆ ತಿರುಗಿ ಮಲಗಿದರು.

ಕಾರ್ಖಾನೆ ಅರ್ಧ ದಿನದ ಕೆಲಸಕ್ಕೆ ಇಳಿಯಿತು. ಉಳಿದಿದ್ದ ದಿಂಬುಗಳನ್ನು ಬಂದಷ್ಟಕ್ಕೆ ಮಾರಿ ಸಂಬಳ ಕೊಟ್ಟರು. ಮೇಷ್ಟ್ರು ಮತ್ತೆ ಬೆಂಚು ಹಾಕಿಸಿ, ಇದ್ದಬದ್ದ ಹೆಂಗಸರ ಕಾಲನ್ನೆಲ್ಲ ಅಳೆದು, ಮತ್ತೆ ಕರೆಸಿದ್ದ ಹೊಲಿಗೆಯವಳೊಬ್ಬಳನ್ನು ಆರಿಸಿದರು. ಮೂವತ್ತರ ಹೆಂಗಸು, ಎರಡು ಮಕ್ಕಳ ತಾಯಿ, ಮೆತ್ತಗಿನ ಸ್ವಭಾವ. ಕಾಲು ಪಟ್ಟಿಯ ಪ್ರಕಾರ ಇತ್ತು. ಹನ್ನೆರಡನೇ ದಿನ ಮೇಷ್ಟ್ರೇ ಕೋಲೂರಿಕೊಂಡು ಆರಕ್ಕನ ಮನೆ ಬಾಗಿಲಿಗೆ ಬಂದರು.

“ಬಾರಮ್ಮ ಒಂದು ಸಲ. ಆ ಹೆಂಗಸು ನನ್ನ ಪ್ರಾಣ ತೆಗೀತಿದೆ.”

“ಏನಂತೆ?”

“ಏನೂ ಇಲ್ಲವಂತೆ! ಏನು ಹಾಕಿದ್ರೂ ‘ಚೆನ್ನಾಗಿದೆ ಸಾರ್’. ನಿನ್ನೆ ಬೇಕು ಅಂತಲೇ ಐದನೇ ನಂಬರು ಕೊಟ್ಟೆ. ಕಣ್ಣಲ್ಲಿ ನೀರು ಬರ್ತಿದೆ, ‘ಚೆನ್ನಾಗಿದೆ ಸಾರ್’.”

ಆರಕ್ಕ ಹೋದಳು. ಹೊಸ ಜೊತೆ ಹಾಕಿಸಿ ಮೆಟ್ಟಿಲಿನ ಬುಡದಲ್ಲಿ ನಿಂತು, ಹತ್ತಿ ಇಳಿಯಲು ಹೇಳಿದಳು. ಇಳಿಯುವಾಗ ಎಡಗಾಲಿನ ಭಾರವನ್ನು ಒಳಅಂಚಿಗೆ ಹಾಕುತ್ತಿದ್ದಾಳೆ. ಕಿರುಬೆರಳನ್ನು ಕಾಪಾಡಿಕೊಳ್ಳುತ್ತಿದ್ದಾಳೆ. ಬಲಹಿಮ್ಮಡಿ ಚೂರು ಏಳುತ್ತದೆ.

“ಎಡಗಡೆ ಕಿರುಬೆರಳ ಹತ್ತಿರ ಏನಮ್ಮ?”

“ಏನಿಲ್ಲಕ್ಕ, ಚೆನ್ನಾಗಿದೆ.”

“ನಾನು ಬಾಯಿಬಿಟ್ಟು ಕೆಲಸ ಕಳಕೊಂಡೆ ಅಂತ ನಿನಗೆ ಹೆದರಿಕೆ.”

ಆ ಹೆಂಗಸು ನೆಲ ನೋಡಿದಳು. “ಹೌದಕ್ಕ.”

“ನೋಡು, ನೀನು ಎಲ್ಲ ಚೆನ್ನಾಗಿದೆ ಅಂದ್ರೆ ಮೇಷ್ಟ್ರಿಗೆ ಇಲ್ಲಿ ಕೆಲಸ ಇಲ್ಲ. ನನ್ನನ್ನ ಕರೆದದ್ದಕ್ಕೂ ಅರ್ಥ ಇಲ್ಲ. ಇಬ್ಬರು ಮುದುಕರ ಹೊಟ್ಟೆಗೋಸ್ಕರ ಆದ್ರೂ ಒಂದು ತಪ್ಪು ಹೇಳು ತಾಯಿ.”

ಅವಳಿಗೆ ನಗು ಬಂತು. ನಗುತ್ತಲೇ ಮೆಟ್ಟಿಲ ಮೇಲೆ ಕೂತು, ಶೂ ಕಿತ್ತು, ಕೆಂಪಗಾಗಿದ್ದ ಬೆರಳನ್ನು ಒತ್ತಿಕೊಂಡಳು. ಒಂದಲ್ಲ, ನಾಲ್ಕು ಹೇಳಿದಳು. ನಾಲ್ಕನೆಯದನ್ನು ಆರಕ್ಕ ಗಮನಿಸಿರಲೇ ಇಲ್ಲ: ಮಧ್ಯಾಹ್ನದ ಮೇಲೆ ಅಂಗಾಲು ಉರಿಯುತ್ತದಂತೆ. ಮೇಷ್ಟ್ರು ಕೋಲು ಪಕ್ಕಕ್ಕಿಟ್ಟು ಅಚ್ಚನ್ನು ಕೈಗೆತ್ತಿಕೊಂಡರು.

ಯಜಮಾನರು ಒಂದು ವಾರ ದೂರದಿಂದ ನೋಡಿದರು. ಆಮೇಲೆ ಆರಕ್ಕನಿಗೆ ಅರ್ಧ ದಿನದ ಕೆಲಸ ಬರೆಸಿದರು, ಮಾದರಿಯ ವರದಿ ಕೇಳುವವಳು ಅಂತ. ಹಾಗೊಂದು ಕೆಲಸ ಯಾವ ಕಾರ್ಖಾನೆಯಲ್ಲೂ ಇಲ್ಲ ಎಂದು ಮಾರಾಟದಣ್ಣ ಛೇಡಿಸಿದ. ಆರಕ್ಕ ಬೆಂಚಿಗೆ ಇನ್ನೂ ಮೂವರನ್ನು ಕರೆತಂದಳು: ಒಬ್ಬಳದು ಅಗಲ ಕಾಲು, ಒಬ್ಬಳದು ತೆಳು, ಒಬ್ಬಳದು ಹೆಬ್ಬೆರಳ ಬುಡದಲ್ಲಿ ಗಂಟು. ಆರನೇ ನಂಬರನ್ನು ಎರಡು ಅಗಲದಲ್ಲಿ ಮಾಡಬೇಕೆಂದು ಪಟ್ಟು ಹಿಡಿದಳು. ಎಂಟು ಸಲ ಮಾಡಿ ಕೆಡಿಸಿದ ಮೇಲೆ ಒಂಬತ್ತನೇ ಜೊತೆ ಬಂತು. ನೋಡಲು ಸಾದಾ ಕಪ್ಪು ಶೂ. ಅದನ್ನು ಹಾಕಿಕೊಂಡು ಯಾರೂ ಕುಣಿಯುವಂಥದ್ದಲ್ಲ.

ಯಜಮಾನರು ಅವಸರದಲ್ಲಿ ಬಂದರು. “ಆಯ್ತಲ್ಲ? ಆರು ತಿಂಗಳು ಮುಗಿಯೋಕೆ ಬಂತು. ಅಚ್ಚು ಇವತ್ತೇ ಕಳಿಸಿಬಿಡಲಾ?”

ಆರಕ್ಕ ಮೆಟ್ಟಿಲ ಕಡೆ ನೋಡಿದಳು. ನಾಲ್ವರೂ ಸಾಲಾಗಿ ಇಳಿಯುತ್ತಿದ್ದರು.

“ಇಲ್ಲ ಸಾರ್. ಇನ್ನೂ ನಾಲ್ಕು ದಿನ ಮನೆಗೆ ಹೋಗಿ ಬರಲಿ.”

ಯಜಮಾನರು ಫೋನನ್ನು ಜೇಬಿಗೆ ಹಾಕಿಕೊಂಡರು. ಆಮೇಲೆ ಬೆಂಚಿನ ಒಂದು ತುದಿಗೆ ಕೂತು, ನಾಲ್ವರೂ ಮತ್ತೆ ಮೆಟ್ಟಿಲು ಹತ್ತುವುದನ್ನು ನೋಡತೊಡಗಿದರು.